ಬೆತ್ತಲೆ ಸೆಲ್ಫ್ ಪೋರ್ಟ್ರೇಟ್: ನೆಲ ತೆಗೆದರೆ ಮೈ ಯಾಕೆ ಜಾರುತ್ತಿದೆ?

ಫರ್ಸಿಮನೆ, ಕಲಬುರಗಿ
ನಾನು ಡ್ರಾಯಿಂಗ್ ಮಾಸ್ತರ್. ಈ ಬೇಸಿಗೆ ರಜೆಯಲ್ಲಿ ಮೊದಲ ಸಲ ನನ್ನ ಬೆತ್ತಲೆ ಮೈಯನ್ನೇ ಎಣ್ಣೆ ಬಣ್ಣದಲ್ಲಿ ಬರೆಯುತ್ತಿದ್ದೇನೆ. ಬಾಗಿಲು ಹಾಕಿಕೊಂಡು, ಅಲ್ಮಾರಿ ಕನ್ನಡಿ ಮುಂದೆ ಫರ್ಸಿ ಕಲ್ಲಿನ ನೆಲದ ಮೇಲೆ ಕೂತು. ಹೊರಗೆ ಕೆಂಡದ ಬಿಸಿಲು, ಕಲ್ಲು ಮಾತ್ರ ತಣ್ಣಗೆ.

ತಲೆಯಲ್ಲಿ ಇರುವುದು ಆಸ್ಟ್ರಿಯಾದ ಚಿತ್ರಕಾರ ಎಗೊನ್ ಶೀಲೆ 1910ರಲ್ಲಿ ಬರೆದ ತನ್ನದೇ ಬೆತ್ತಲೆ ಚಿತ್ರ. ಮನುಷ್ಯ ಕೂತಿದ್ದಾನೆ, ಕುರ್ಚಿ ಇಲ್ಲ. ನೆಲ ಇಲ್ಲ. ಪಾದಗಳೂ ಇಲ್ಲ! ಹಳದಿ-ಹಸಿರು ಮೈ, ಕೆಂಪು ಕಣ್ಣು. ಆದರೂ ಆ ಮೈ ಬೀಳುವುದಿಲ್ಲ. ನಾನೂ ನೆಲ ಬಿಟ್ಟು ಹಿಂದೆ ಸುಮ್ನೆ ಬಿಳಿ ಬಳಿದೆ. ನನ್ನದು ಜಾರಿ ಬೀಳುವ ಹಾಗೆ ಕಾಣುತ್ತಿದೆ. ಬಣ್ಣ ತಪ್ಪಾ, ಗೆರೆ ತಪ್ಪಾ? ಫೋಟೋ ಹಾಕಿದ್ದೇನೆ.

ಬಿದ್ರಿಕಪ್ಪು, ಬೀದರ್
ಮಾಸ್ತರ್ರೇ, ಬಣ್ಣ ಚೆನ್ನಾಗಿದೆ. ತೊಡೆ ನೋಡಿ. ಕಲ್ಲಿಗೆ ಒತ್ತಿ ಅಗಲವಾದ ಮಾಂಸವನ್ನು ಇದ್ದ ಹಾಗೇ ಬರೆದಿದ್ದೀರಿ. ಭಾರ ಇದೆ, ಅದನ್ನು ಹೊರುವ ಕಲ್ಲು ಇಲ್ಲ. ಶೀಲೆಯ ಮೈ ಎಲ್ಲೂ ಒತ್ತಿಕೊಂಡಿಲ್ಲ, ಹಗ್ಗ ಎಳೆದು ಕಟ್ಟಿದ ಹಾಗಿದೆ. ಕ್ಯಾನ್ವಾಸೂ ಹೆಚ್ಚುಕಡಿಮೆ ಚೌಕ, ಒಂದೊಂದು ಬದಿ ಸುಮಾರು ಒಂದೂವರೆ ಮೀಟರ್. ಕೈಕಾಲು ಅಂಚಿನ ಕಡೆ ಚಾಚಿವೆ. ಅಂಚೇ ಅವನನ್ನು ಹಿಡಿದಿದೆ, ಅಲ್ವಾ? ನೀವು ನಟ್ಟನಡುವೆ ಸಣ್ಣಗೆ ಕೂತಿದ್ದೀರಿ.

ಕುಂಚದಕ್ಕ, ಯಾದಗಿರಿ
ಸರ್, ಜರ್ಮನ್ ಚಿತ್ರಕಾರ್ತಿ ಪೌಲಾ ಮೋಡರ್ಸೋನ್-ಬೆಕರ್ 1906ರ ಮೇ 25ರಂದು ಪ್ಯಾರಿಸ್‌ನಲ್ಲಿ ಬರೆದ ಚಿತ್ರವನ್ನೂ ನೋಡಿ. ಅವಳ ಮದುವೆಯ ವಾರ್ಷಿಕೋತ್ಸವದ ದಿನ ಅದು. ಗಂಡನನ್ನು ಬಿಟ್ಟು ಒಬ್ಬಳೇ ಬಂದಿದ್ದಳು. ಸೊಂಟದ ಮೇಲೆ ಬೆತ್ತಲೆ, ಕೊರಳಲ್ಲಿ ಅಂಬರ್ ಮಣಿಸರ. ಬಸುರಿ ಅಲ್ಲ, ಆದರೂ ಹೊಟ್ಟೆಯ ಮೇಲೊಂದು ಕೈ, ಕೆಳಗೊಂದು ಕೈ. ಸಹಿಯಲ್ಲಿ ಬರೀ ‘ಪಿ.ಬಿ.’, ತವರಿನ ಹೆಸರು. ಮರುವರ್ಷ ಹೆಣ್ಣುಮಗು ಹೆತ್ತ ಕೆಲವೇ ದಿನಕ್ಕೆ ತೀರಿಕೊಂಡಳು, 31 ವರ್ಷಕ್ಕೆ. ಆ ಚಿತ್ರ ನೋಡಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಲ್ಲಿ ನೆಲ ಕಾಣುವುದೇ ಇಲ್ಲ. ಮೈ ಭಾರವನ್ನು ಅವಳ ಕೈಗಳೇ ಹೊತ್ತಿವೆ. ನಿಮ್ಮ ಬಲಗೈ ಎಲ್ಲಿ ಸರ್? ಭುಜದ ಹತ್ತಿರವೇ ನಿಂತುಹೋಗಿದೆ.

ಫರ್ಸಿಮನೆ, ಕಲಬುರಗಿ
ಅಕ್ಕಾ, ಸರಿಯಾಗಿ ಹಿಡಿದಿರಿ. ಕೈ ಬಿಟ್ಟಿದ್ದು ನಾಚಿಕೆಗೆ. ಬ್ರಷ್ ಹಿಡಿದ ಕೈ ಬರೆದರೆ ಇದು ನಾನೇ ಅಂತ ನೋಡಿದವರಿಗೆ ಗೊತ್ತಾಗುತ್ತದಲ್ಲ ಅಂತ. ಇವತ್ತು ಬೆಳಗ್ಗೆ ಭುಜದ ಪಕ್ಕದ ಹಸಿ ಬಿಳಿಯನ್ನು ಚಾಕುವಿನಿಂದ ಕೆರೆದೆ. ಮೊಣಕೈವರೆಗೆ ಬಂದಿದೆ. ತೊಡೆ ಕೆಳಗೆ ಶಹಾಬಾದ್ ಕಲ್ಲಿನ ಬೂದು ಬಣ್ಣ ಒಂದು ಪಟ್ಟಿ ಎಳೆದೆ, ಒಂದೇ ಫರ್ಸಿಯಷ್ಟು. ಒಣಗಿದ ಮೇಲೆ ಮತ್ತೆ ಫೋಟೋ ಹಾಕುತ್ತೇನೆ.