ಡಿ ಭಾಷೆ: ಅಸೋಸಿಯೇಟಿವ್ ಅರೇಯನ್ನು ಕಂಪೈಲ್ ಆಗುವಾಗಲೇ ತುಂಬಿಡೋಕೆ ಆಗಲ್ವಾ?

ಕಾಟಾ_ಹುಡುಗ (ಜಮಖಂಡಿ)

ಎಲ್ಲರಿಗೂ ನಮಸ್ಕಾರ ರೀ. ಜಮಖಂಡಿ–ಮುಧೋಳ ರಸ್ತೆಯಲ್ಲಿ ನಮ್ಮ ಮಾಮಾನ ತೂಕದ ಕಾಟಾ ಇದೆ. ಅಲ್ಲಿ ಚೀಟಿ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ನಾನೇ ಬರೆದಿದ್ದು, ಡಿ ಭಾಷೆಯಲ್ಲಿ. ಯಾಕೆ ಡಿ ಅಂತ ಕೇಳಬೇಡಿ. ಕಾಲೇಜಿನಲ್ಲಿ ಸಿ ಕಲಿತಿದ್ದೆ, ಇದು ಅದಕ್ಕೆ ಹತ್ತಿರ ಅನಿಸಿತು. ಒಂದು ಎಕ್ಸ್‌ಇ ಫೈಲ್ ಕಾಪಿ ಮಾಡಿಟ್ಟರೆ ಕೆಲಸ ಮುಗೀತು.

ಅದರಲ್ಲಿ ಎರಡು ಪಟ್ಟಿ ಬೇಕು. ಒಂದು, ಗಾಡಿ ನಂಬರ್ ಹೊಡೆದ ಕೂಡಲೇ ಊರು ತೋರಿಸೋದು: ಕೆಎ 22 ಅಂದ್ರೆ ಬೆಳಗಾವಿ, 23 ಚಿಕ್ಕೋಡಿ, 28 ವಿಜಯಪುರ, 29 ಬಾಗಲಕೋಟೆ, 48 ನಮ್ಮ ಜಮಖಂಡಿ, 49 ಗೋಕಾಕ. ಇನ್ನೊಂದು, ಮಾಲಿನ ಹೆಸರಿಗೆ ಕೋಡ್: ಕಬ್ಬು, ಗೋವಿನಜೋಳ, ತೊಗರಿ, ಕಡಲೆ, ಸೂರ್ಯಕಾಂತಿ, ಹೀಗೆ.

ಮೊದಲು ಪಟ್ಟಿಯನ್ನು ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಇಟ್ಟಿದ್ದೆ. ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ಪಾಳಿಯ ಹುಡುಗರು ಕಂಪ್ಯೂಟರ್ ಕ್ಲೀನ್ ಮಾಡ್ತೀವಿ ಅಂತ ಅದನ್ನೂ ಅಳಿಸಿಬಿಟ್ಟರು. ಹೊರಗೆ ಟ್ರಾಲಿಗಳ ಸಾಲು, ಒಳಗೆ ಚೀಟಿ ಇಲ್ಲ. ಅದಕ್ಕೇ ಪಟ್ಟಿ ಎಕ್ಸ್‌ಇ ಒಳಗೇ ಇರಬೇಕು ಅಂತ ನನ್ನ ಹಟ.

ಫಂಕ್ಷನ್ ಹೊರಗೆ, ಮಾಡ್ಯೂಲ್ (ಒಂದು ಕೋಡ್ ಫೈಲ್) ಮಟ್ಟದಲ್ಲಿ, ಅಸೋಸಿಯೇಟಿವ್ ಅರೇ (ಕೀ ಕೊಟ್ಟರೆ ಅದರ ಬೆಲೆ ಹುಡುಕಿಕೊಡುವ ಪಟ್ಟಿ) ಬರೆದು ಬೆಲೆಗಳನ್ನು ಅಲ್ಲೇ ಕೊಟ್ಟರೆ ಕಂಪೈಲರ್ ಒಪ್ಪಲ್ಲ, ಇದು ಕಾನ್‌ಸ್ಟಂಟ್ ಅಲ್ಲ ಅಂತ ತಕರಾರು. ಎಲ್ಲವೂ ಕೋಟ್ ಒಳಗಿರೋ ಸ್ಟ್ರಿಂಗ್, ಇದಕ್ಕಿಂತ ಕಾನ್‌ಸ್ಟಂಟ್ ಇನ್ನೇನು ಬೇಕು ಇದಕ್ಕೆ? ಎನಮ್ ಅಂತ ಬರೆದರೆ ಒಪ್ಪುತ್ತದೆ, ಆದರೆ ಯಾರೋ ಅದು ಬೇಡ ಅಂದರು. ‘ಶೇರ್ಡ್ ಸ್ಟ್ಯಾಟಿಕ್ ದಿಸ್’ (ಪ್ರೋಗ್ರಾಂ ಶುರುವಿನಲ್ಲಿ ತಾನೇ ಓಡುವ ಕೋಡ್) ಒಳಗೆ ತುಂಬಿದರೆ ಕಂಪೈಲ್ ಆಗುತ್ತದೆ, ಆದರೆ ಪ್ರೋಗ್ರಾಂ ಶುರುವಾಗುವ ಮೊದಲೇ ಸೈಕ್ಲಿಕ್ ಡಿಪೆಂಡೆನ್ಸಿ ಅಂತ ಬಿದ್ದು ಹೋಗುತ್ತದೆ. ಕಂಪೈಲರ್ ಡಿಎಂಡಿ 2.098. ಏನು ಮಾಡಲಿ?

ಟಿಳಕವಾಡಿ_ಟರ್ಮಿನಲ್ (ಬೆಳಗಾವಿ)

ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದೇ. ಡಿ ಬಳಸೋರೆಲ್ಲ ವರ್ಷಗಟ್ಟಲೆ ಇದೇ ಗೋಳು ಹೇಳಿಕೊಂಡಿದ್ದಾರೆ.

ಡಿಯಲ್ಲಿ ಅಸೋಸಿಯೇಟಿವ್ ಅರೇ ಅನ್ನೋ ವೇರಿಯಬಲ್ ಬರೀ ಒಂದು ಪಾಯಿಂಟರ್. ಮನೆ ವಿಳಾಸ ಬರೆದ ಚೀಟಿ ಇದ್ದಂತೆ. ನಿಜವಾದ ಮನೆ, ಅಂದರೆ ಹ್ಯಾಶ್ ಟೇಬಲ್ಲು (ಕೀಯಿಂದ ಒಂದು ನಂಬರ್ ಲೆಕ್ಕ ಹಾಕಿ ಜಾಗ ಹುಡುಕುವ ಪಟ್ಟಿ) ಮತ್ತು ಅದರ ಬಕೆಟ್ಟುಗಳು, ಪ್ರೋಗ್ರಾಂ ಓಡುವಾಗ ರನ್‌ಟೈಮ್ ಲೈಬ್ರರಿಯು ಗಾರ್ಬೇಜ್ ಕಲೆಕ್ಟರಿನ (ಬೇಡದ ಮೆಮೊರಿಯನ್ನು ತಾನೇ ಬಿಡಿಸುವ ಭಾಗ) ಮೆಮೊರಿಯಲ್ಲಿ ಕಟ್ಟುತ್ತದೆ. ಕಂಪೈಲ್ ಆಗುವಾಗಲೇ ಬೇಕು ಅಂದ್ರೆ ಆ ಇಡೀ ಟೇಬಲ್ಲನ್ನು ಎಕ್ಸ್‌ಇ ಫೈಲಿನ ಡೇಟಾ ಭಾಗದಲ್ಲಿ ಇದ್ದ ಹಾಗೇ ಅಚ್ಚು ಹಾಕಬೇಕು. ಹ್ಯಾಶ್ ಲೆಕ್ಕವೂ ಕಂಪೈಲರ್ ಒಳಗೆ ಮತ್ತು ಓಡುವಾಗ ಒಂದೇ ಬರಬೇಕು, ಇಲ್ಲದಿದ್ದರೆ ಇಟ್ಟ ಕಡೆ ಹುಡುಕೋಕೆ ಆಗಲ್ಲ. ಹಳೇ ಕಂಪೈಲರಿಗೆ ಇದು ಬರುತ್ತಿರಲಿಲ್ಲ, ಅಷ್ಟೇ.

2023ರ ಡಿಸೆಂಬರಿನಲ್ಲಿ ಬಂದ ಡಿಎಂಡಿ 2.106ರಿಂದ ಇದು ಸಿಕ್ಕಿದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಕಂಪೈಲರ್ ಹಾಕಿಕೋ. ಮಾಡ್ಯೂಲ್ ಮಟ್ಟದಲ್ಲಿ ‘ಇಮ್ಯೂಟಬಲ್’ (ಆಮೇಲೆ ಬದಲಾಗದ್ದು) ಅಂತ ಬರೆದು ಬೆಲೆ ಅಲ್ಲೇ ಕೊಡು, ಸುಮ್ನೆ ಒಪ್ಪಿಕೊಳ್ಳುತ್ತದೆ. ಕಾಟಾದ ಕಂಪ್ಯೂಟರಿಗೆ ಬರೋದು ಎಕ್ಸ್‌ಇ ಮಾತ್ರ, ಅಲ್ಲಿ ಕಂಪೈಲರ್ ಯಾಕೆ ಬೇಕು?

ಎನಮ್ ಬೇಡ ಅಂದವರು ಸರಿಯಾಗಿಯೇ ಹೇಳಿದ್ದಾರೆ. ಎನಮ್ ಅಂದ್ರೆ ಆ ಹೆಸರು ಕಂಡಲ್ಲೆಲ್ಲ ಪೂರ್ತಿ ಪಟ್ಟಿಯನ್ನು ಮತ್ತೆ ಬರೆದಂತೆ. ಒಂದೊಂದು ಸಲ ಹುಡುಕಿದಾಗಲೂ ಹೊಸ ಟೇಬಲ್ ಕಟ್ಟುತ್ತದೆ, ಬಿಸಾಕುತ್ತದೆ. ಲೂಪ್ ಒಳಗೆ ಇದ್ದರಂತೂ ಮುಗೀತು.

ಈಗ ಆ ಸೈಕ್ಲಿಕ್ ಎರರ್. ನಿನ್ನ ಕೋಡ್ ನೋಡದೆ ಹೇಳ್ತೀನಿ: ‘ಗಾಡಿ’ ಅಂತ ಒಂದು ಮಾಡ್ಯೂಲು, ‘ಚೀಟಿ’ ಅಂತ ಇನ್ನೊಂದು. ಎರಡೂ ಒಂದನ್ನೊಂದು ಇಂಪೋರ್ಟ್ ಮಾಡುತ್ತವೆ, ಎರಡರಲ್ಲೂ ‘ಸ್ಟ್ಯಾಟಿಕ್ ದಿಸ್’ ಇದೆ. ಹೌದಾ? ಯಾರ ಕನ್‌ಸ್ಟ್ರಕ್ಟರ್ (ಅದೇ ‘ಸ್ಟ್ಯಾಟಿಕ್ ದಿಸ್’) ಮೊದಲು ಓಡಬೇಕು ಅಂತ ರನ್‌ಟೈಮಿಗೆ ಗೊತ್ತಾಗಲ್ಲ, ಅದಕ್ಕೆ ಶುರುವಿನಲ್ಲೇ ಕೈ ಎತ್ತುತ್ತದೆ. ಪಟ್ಟಿಗಳನ್ನು ಬೇರೆ ಮಾಡ್ಯೂಲಿಗೆ ಸಾಗಿಸು. ಆ ಮಾಡ್ಯೂಲು ನಿನ್ನ ಬೇರೆ ಯಾವ ಮಾಡ್ಯೂಲನ್ನೂ ಇಂಪೋರ್ಟ್ ಮಾಡಬಾರದು. ‘ಶೇರ್ಡ್’ ಬಿಡಬೇಡ ಮತ್ತೆ. ಬರೀ ‘ಸ್ಟ್ಯಾಟಿಕ್ ದಿಸ್’ ಪ್ರತಿ ಥ್ರೆಡ್ಡಿಗೂ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಒಮ್ಮೆ ಓಡುತ್ತದೆ, ಶೇರ್ಡ್ ಇದ್ದರೆ ಇಡೀ ಪ್ರೋಗ್ರಾಮಿಗೆ ಒಂದೇ ಸಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನಿನ್ನ ಮೊದಲನೇ ಪಟ್ಟಿಗೆ ಅಸೋಸಿಯೇಟಿವ್ ಅರೇನೇ ಬೇಡ! ಕೀ ಏನು? 22, 23, 28. ಎರಡಂಕಿಯ ನಂಬರು. ಅದಕ್ಕೆ ಹ್ಯಾಶ್ ಯಾಕೆ? ಸಾದಾ ಅರೇ ಸಾಕು. ಡಿಯಲ್ಲಿ ಸ್ಟ್ಯಾಟಿಕ್ ಅರೇಗೆ ಇಂಡೆಕ್ಸ್ ಸಮೇತ ಬೆಲೆ ಕೊಡಬಹುದು (ಕೀವರ್ಡನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀನು ಇಂಗ್ಲಿಷಿನಲ್ಲೇ ಟೈಪ್ ಮಾಡು):

ಇಮ್ಯೂಟಬಲ್ ಸ್ಟ್ರಿಂಗ್[100] ಊರು = [22: "ಬೆಳಗಾವಿ", 23: "ಚಿಕ್ಕೋಡಿ", 28: "ವಿಜಯಪುರ", 29: "ಬಾಗಲಕೋಟೆ", 48: "ಜಮಖಂಡಿ", 49: "ಗೋಕಾಕ"];

ಬ್ರಾಕೆಟ್ ಒಳಗಿನದು ನೋಡೋಕೆ ಅಸೋಸಿಯೇಟಿವ್ ಅರೇ ಥರಾನೇ ಇದೆ ಅಲ್ವಾ? ಆದರೆ ಎಡಗಡೆ 100 ಅಂತ ಅಳತೆ ಕೊಟ್ಟಿರೋದರಿಂದ ಇದು ಸಾದಾ ಅರೇ. ನಡುವೆ ಬಿಟ್ಟ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಇರುತ್ತದೆ. ಎಡಗಡೆ ‘ಆಟೋ’ ಅಂತ ಹಾಕಿದರೆ ಮಾತ್ರ ಅದೇ ಬ್ರಾಕೆಟ್ ಅಸೋಸಿಯೇಟಿವ್ ಆಗಿಬಿಡುತ್ತದೆ, ಅಲ್ಲಿ ಹುಷಾರು. ಇದು ನಿನ್ನ 2.098ರಲ್ಲೂ ನಡೆಯುತ್ತದೆ. ಅಂದ ಹಾಗೆ, ವೇರಿಯಬಲ್ ಹೆಸರನ್ನು ‘ಊರು’ ಅಂತ ಕನ್ನಡದಲ್ಲೇ ಇಟ್ಟರೂ ಡಿ ಏನೂ ಅನ್ನಲ್ಲ.

ಗುಮ್ಮಟ_ಗಲ್ಲಿ (ವಿಜಯಪುರ)

ಟಿಳಕವಾಡಿ ಸರ್ ಹೇಳಿದ್ದಕ್ಕೆ ಅಡ್ಡ ಮಾತಾಡ್ತಿಲ್ಲ. ಆದರೆ ಎರಡನೇ ಪಟ್ಟಿಗೆ, ಮಾಲಿನ ಹೆಸರಿಗೆ, ನಾನಾದರೆ ಹೊಸ ಕಂಪೈಲರಿಗೂ ಕಾಯಲ್ಲ. ಸ್ವಿಚ್ ಬರೀತೀನಿ, ಅಂದ್ರೆ ಒಂದೊಂದು ಹೆಸರಿಗೆ ಒಂದೊಂದು ‘ಕೇಸ್’, ಯಾವುದೂ ಹೊಂದದಿದ್ದರೆ ‘ಡಿಫಾಲ್ಟ್’.

ಸಿಯಲ್ಲಿ ಸ್ಟ್ರಿಂಗ್ ಮೇಲೆ ಸ್ವಿಚ್ ಹಾಕೋಕೆ ಆಗಲ್ಲ, ಡಿಯಲ್ಲಿ ಆಗುತ್ತದೆ. ಕಂಪೈಲರ್ ಕೇಸುಗಳನ್ನು ಜೋಡಿಸಿಟ್ಟು ಬೈನರಿ ಸರ್ಚ್ (ಅರ್ಧ ಅರ್ಧ ಮಾಡುತ್ತಾ ಹುಡುಕೋದು) ಮಾಡುತ್ತದೆ. ಮೆಮೊರಿ ಕೇಳಲ್ಲ, ಗಾರ್ಬೇಜ್ ಕಲೆಕ್ಟರ್ ಇಲ್ಲ, ಶುರುವಿನಲ್ಲಿ ಓಡೋ ಕನ್‌ಸ್ಟ್ರಕ್ಟರ್ ಇಲ್ಲ. ಇಪ್ಪತ್ತು–ಮೂವತ್ತು ಮಾಲಿಗೆ ಹ್ಯಾಶ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟ್ರಾಲಿ ಕಾಟಾ ಹತ್ತಿ ನಿಲ್ಲೋಕೆ ಎಷ್ಟು ಹೊತ್ತು ಬೇಕು ಹೇಳಿ!

ನನಗೆ ಜಾಸ್ತಿ ಇಷ್ಟವಾಗೋದು ಬೇರೆಯೇ. ಕೈತಪ್ಪಿ ‘ಕಡಲೆ’ಯನ್ನು ಎರಡು ಸಲ ಬರೆದರೆ ಸ್ವಿಚ್ಚಿನಲ್ಲಿ ಕಂಪೈಲ್ ಆಗುವಾಗಲೇ ಎರರ್ ಬರುತ್ತದೆ. ಅಸೋಸಿಯೇಟಿವ್ ಅರೇಯಲ್ಲಿ ಕೊನೆಗೆ ಬರೆದದ್ದು ಉಳಿಯುತ್ತದೆ, ಯಾರೂ ಕೇಳಲ್ಲ. ನಾವು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಒಂದಕ್ಕೆ ಲೆಕ್ಕದ ಪ್ರೋಗ್ರಾಂ ಮಾಡಿದಾಗ ಅವರು ಮೊದಲು ಕೊಟ್ಟ ಪಟ್ಟಿಯಲ್ಲಿ ಒಂದೇ ಗ್ರೇಡಿಗೆ ಎರಡು ಕೋಡ್ ಇತ್ತು, ಸ್ವಿಚ್ ಹಾಕಿದ ಮೇಲೇ ಸಿಕ್ಕಿದ್ದು. ಡಿಫಾಲ್ಟ್ ಬರೆಯದೆ ಬಿಟ್ಟರೂ ಡಿ ಬಿಡಲ್ಲ. ಹಾಗಾಗಿ ‘ಪಟ್ಟಿಯಲ್ಲಿಲ್ಲದ ಮಾಲು ಬಂದರೆ ಏನು’ ಅಂತ ಯೋಚನೆ ಮಾಡಲೇಬೇಕಾಗುತ್ತದೆ.

ಪಟ್ಟಿ ಉದ್ದ ಇದ್ದು ಕೇಸ್ ಕೇಸ್ ಅಂತ ಬರೆಯೋಕೆ ಬೇಜಾರಾದರೆ, ಹೆಸರು–ಕೋಡ್ ಜೋಡಿಗಳನ್ನು ಒಂದು ಸಾದಾ ಎನಮ್ ಅರೇಯಲ್ಲಿ ಇಟ್ಟು ಸ್ವಿಚ್ ಒಳಗೆ ‘ಸ್ಟ್ಯಾಟಿಕ್ ಫೋರೀಚ್’ (ಕಂಪೈಲ್ ಆಗುವಾಗಲೇ ಓಡುವ ಲೂಪ್) ಹಾಕಿ. ಕೇಸುಗಳನ್ನು ಕಂಪೈಲರೇ ಬರೆದುಕೊಳ್ಳುತ್ತದೆ.

ಟಿಳಕವಾಡಿ_ಟರ್ಮಿನಲ್ (ಬೆಳಗಾವಿ)

ಗುಮ್ಮಟದವರ ಮಾತು ಒಪ್ಪಿದೆ. ಟೆಕ್ಸ್ಟ್ ಫೈಲೇ ಇಷ್ಟ ಅಂದ್ರೆ ಅದಕ್ಕೂ ದಾರಿ ಇದೆ. ಡಿಯಲ್ಲಿ ‘ಇಂಪೋರ್ಟ್’ ಮುಂದೆ ಕಂಸದಲ್ಲಿ ಫೈಲಿನ ಹೆಸರು ಕೊಟ್ಟರೆ, ಕಂಪೈಲ್ ಆಗುವಾಗ ಆ ಫೈಲನ್ನು ಓದಿ ಸ್ಟ್ರಿಂಗ್ ಮಾಡಿ ಒಳಗೆ ಸೇರಿಸುತ್ತದೆ. ಫೈಲ್ ಇರೋ ಫೋಲ್ಡರನ್ನು ‘ಮೈನಸ್ ಜೆ’ ಆಪ್ಶನ್ನಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಟ್ಟಲ್ಲ. ಆಮೇಲೆ ಸಾಲು ಸಾಲಾಗಿ ಒಡೆಯೋ ಫಂಕ್ಷನ್ ಬರೆದರೆ ಅದೂ ಕಂಪೈಲರ್ ಒಳಗೇ ಓಡುತ್ತದೆ. ಫೈಲ್ ನಿನ್ನ ಹತ್ತಿರ, ರಾತ್ರಿ ಪಾಳಿಯವರ ಕೈಗೆ ಎಕ್ಸ್‌ಇ ಮಾತ್ರ.

ಆದರೆ ಮಾಮಾ ವಾರಕ್ಕೊಂದು ಹೊಸ ಮಾಲು ಸೇರಿಸು ಅಂತಾರಾ? ಹಾಗಿದ್ದರೆ ಇದು ಕಂಪೈಲ್ ಟೈಮಿನ ವಿಷಯವೇ ಅಲ್ಲ. ಶುರುವಿನಲ್ಲಿ ಫೈಲ್ ಓದಿಸು, ಫೈಲಿಲ್ಲದಿದ್ದರೆ ಒಳಗಿನ ಪಟ್ಟಿ ಬಳಸಲಿ.

ಕಾಟಾ_ಹುಡುಗ (ಜಮಖಂಡಿ)

ಅಣ್ಣಾ, ಮಾಡ್ಯೂಲಿನ ಹೆಸರು ಸಮೇತ ಹೇಳಿಬಿಟ್ಟಿರಲ್ಲ! ‘ಗಾಡಿ’ ಮತ್ತು ‘ಚೀಟಿ’ಯೇ. ಪಟ್ಟಿಗಳನ್ನು ಬೇರೆ ಮಾಡ್ಯೂಲಿಗೆ ಹಾಕಿದೆ, ಆ ಎರರ್ ಹೋಯಿತು. ಊರಿನ ಪಟ್ಟಿ ಈಗ ಸಾದಾ ಅರೇ. ಸಾಂಗ್ಲಿಯ ಎಂಎಚ್ 10, ಸೊಲ್ಲಾಪುರದ ಎಂಎಚ್ 13, ಕೊಲ್ಲಾಪುರದ ಎಂಎಚ್ 09 ಗಾಡಿಗಳೂ ಬರುತ್ತವೆ, ಅವಕ್ಕೆ ಎರಡನೇ ಅರೇ ಮಾಡಿದೆ. ಅಲ್ಲಿ 09 ಅಂತ ಬರೆದರೆ ಕಂಪೈಲರ್ ಬೇಡ ಅನ್ನುತ್ತದೆ, 9 ಅಂತ ಹಾಕಿದೆ. ಮಾಲಿಗೆ ಗುಮ್ಮಟದವರ ಸ್ವಿಚ್ಚು.

ಈಗ ಹೊಸ ತಲೆನೋವು. ಹಳೇ ಚೀಟಿಗಳ ದಾಖಲೆ ಒಂದು ಫೈಲಿನಲ್ಲಿದೆ, ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದ್ದು. ಅದನ್ನು ಓದಿಸಿದರೆ ಕಬ್ಬು, ಕಡಲೆ, ಸೂರ್ಯಕಾಂತಿ ಎಲ್ಲ ಸಿಗುತ್ತವೆ. ತೊಗರಿ, ಗೋವಿನಜೋಳ ಮಾತ್ರ ಡಿಫಾಲ್ಟಿಗೆ ಹೋಗಿ ಬೀಳುತ್ತವೆ. ಸ್ಕ್ರೀನಿನಲ್ಲಿ ಅಕ್ಷರ ಅಕ್ಷರ ಹೋಲಿಸಿ ನೋಡಿದೆ, ಒಂದೇ ಇವೆ. ಸ್ಪೇಸೂ ಇಲ್ಲ. ಅಸೋಸಿಯೇಟಿವ್ ಅರೇ ಹಾಕಿ ನೋಡಿದರೂ ಇದೇ ಕಥೆ.

ಇಳಕಲ್_ದಡಿ (ಬಾಗಲಕೋಟೆ ಜಿಲ್ಲೆ)

ಇದು ಡಿ ತಂಟೆಯಲ್ಲ, ನಮ್ಮ ಗುಣಿತದ ತಂಟೆ. ಸಿಗದ ಎರಡೂ ಹೆಸರಿನಲ್ಲಿ ಒ ಅಥವಾ ಓ ಗುಣಿತ ಇದೆ, ಸಿಗೋದರಲ್ಲಿ ಇಲ್ಲ. ನೋಡ್ರಿ.

ಯೂನಿಕೋಡಿನಲ್ಲಿ ‘ತೊ’ವನ್ನು ಎರಡು ಥರ ಬರೆಯಬಹುದು. ಒಂದು, ತ ಆದಮೇಲೆ ಒ ಗುಣಿತದ ಒಂದೇ ಚಿಹ್ನೆ. ಇನ್ನೊಂದು, ತ ಆದಮೇಲೆ ಎ ಗುಣಿತ, ಅದರ ಮೇಲೆ ಊ ಗುಣಿತ. ತೆರೆಯ ಮೇಲೆ ಎರಡೂ ಒಂದೇ ಕಾಣುತ್ತವೆ, ಒಳಗಿನ ಬೈಟುಗಳು ಬೇರೆ. ‘ಗೋ’ಗೆ ಮೂರು ತುಂಡು: ಎ ಗುಣಿತ, ಊ ಗುಣಿತ, ಕೊನೆಗೆ ದೀರ್ಘದ ಚಿಹ್ನೆ. ಕೀಬೋರ್ಡಿನಲ್ಲಿ ಹೊಡೆದದ್ದು ಸಾಮಾನ್ಯವಾಗಿ ಒಂದೇ ಚಿಹ್ನೆ ಕೊಡುತ್ತದೆ, ನಿಮ್ಮ ಬದಲಿಸಿದ ಫೈಲಿನಲ್ಲಿ ತುಂಡು ತುಂಡು ಇರಬೇಕು. ಸ್ವಿಚ್ಚಾಗಲಿ ಹ್ಯಾಶ್ ಆಗಲಿ, ಬೈಟ್ ನೋಡುತ್ತವೆ, ಅಕ್ಷರದ ಚಂದ ನೋಡಲ್ಲ.

ಎರಡರ ‘ಲೆಂತ್’ ಪ್ರಿಂಟ್ ಮಾಡಿ. ಡಿಯಲ್ಲಿ ಸ್ಟ್ರಿಂಗಿನ ಲೆಂತ್ ಅಂದರೆ ಬೈಟುಗಳ ಸಂಖ್ಯೆ, ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್. ಸರಿಯಾದ ‘ತೊಗರಿ’ 15 ಬರಬೇಕು, ತುಂಡಾದದ್ದು 18. ‘ಗೋವಿನಜೋಳ’ 24 ಬರಬೇಕು, ಪೂರ್ತಿ ತುಂಡಾಗಿದ್ದರೆ 36.

ಪರಿಹಾರ ಸುಲಭ. ಡಿ ಜೊತೆಗೇ ಬರುವ ಲೈಬ್ರರಿಯ ‘ಸ್ಟಡ್ ಡಾಟ್ ಯೂನಿ’ಯಲ್ಲಿ ‘ನಾರ್ಮಲೈಸ್’ ಅಂತ ಫಂಕ್ಷನ್ ಇದೆ. ಫೈಲಿನಿಂದ ಓದಿದ ಹೆಸರನ್ನು ಅದರ ಮೂಲಕ ಹಾಯಿಸಿ ಆಮೇಲೆ ಹುಡುಕಿ. ಏನೂ ಹೇಳದಿದ್ದರೆ ತುಂಡುಗಳನ್ನು ಕೂಡಿಸುವ ರೂಪವನ್ನೇ ಕೊಡುತ್ತದೆ, ನಿಮಗೆ ಬೇಕಾದದ್ದೂ ಅದೇ. ಕಣ್ಣಿಗೆ ಕಾಣದ ಜೀರೋ ವಿಡ್ತ್ ಚಿಹ್ನೆಗಳನ್ನು ಮಾತ್ರ ಅದು ತೆಗೆಯಲ್ಲ, ಅವಿದ್ದರೆ ನೀವೇ ತೆಗೀಬೇಕು.

ಕಾಟಾ_ಹುಡುಗ (ಜಮಖಂಡಿ)

18 ಮತ್ತು 36 ರೀ! ನಾರ್ಮಲೈಸ್ ಹಾಕಿದ ಮೇಲೆ ಎರಡೂ ಸಿಕ್ಕವು. ಈಗ ಡಿಫಾಲ್ಟಿಗೆ ಬೀಳೋದು ‘ಇತರೆ’ ಅಂತ ಬರೆದ ಚೀಟಿಗಳು ಮಾತ್ರ, ಅದು ಏನು ಮಾಲು ಅಂತ ಮಾಮಾನ್ನೇ ಕೇಳಬೇಕು.