ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಸರಪಳಿ: ನನ್ನ ಲೆಕ್ಕದಲ್ಲಿ 1,600ರ ಬದಲು 2,400 ಜೋಡಿಗಳು ಬರುತ್ತಿರುವುದೇಕೆ?

ಪ್ರಶ್ನೆ: ಕೊಣಾಜೆಯ ಎಂ.ಎಸ್ಸಿ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕಬ್ಬಿಣ-55 ಮೂಲದಿಂದ ಹೊಮ್ಮುವ 5,900 ಎಲೆಕ್ಟ್ರಾನ್ ವೋಲ್ಟ್ (ಮುಂದೆ ಇ.ವಿ. ಎಂದು ಬರೆಯುತ್ತೇನೆ) ಶಕ್ತಿಯ ಕ್ಷ-ಕಿರಣದ ಒಂದು ಫೋಟಾನನ್ನು ಸಿಲಿಕಾನ್ ಹೀರಿಕೊಂಡಾಗ ಹುಟ್ಟುವ ಎಲೆಕ್ಟ್ರಾನ್ ಸರಪಳಿಯನ್ನು ಪ್ರಾಜೆಕ್ಟಿಗಾಗಿ ಪೈಥಾನ್‌ನಲ್ಲಿ, ಯಾದೃಚ್ಛಿಕ ಸಂಖ್ಯೆಗಳಿಂದ ಲೆಕ್ಕ ಹಾಕುವ ಮಾಂಟೆ ಕಾರ್ಲೊ ವಿಧಾನದಿಂದ ಅನುಕರಿಸುತ್ತಿದ್ದೇನೆ. ಎಲೆಕ್ಟ್ರಾನಿನ ಶಕ್ತಿ ಬ್ಯಾಂಡ್ ಗ್ಯಾಪ್‌ಗಿಂತ (ಬಂಧದಲ್ಲಿರುವ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿಗಿಂತ), ಅಂದರೆ 1.12 ಇ.ವಿ.ಗಿಂತ, ಹೆಚ್ಚಿರುವವರೆಗೂ ಅದು ಹೊಸ ಎಲೆಕ್ಟ್ರಾನ್-ರಂಧ್ರ ಜೋಡಿಯನ್ನು (ಬಿಡುಗಡೆಯಾದ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ) ಹುಟ್ಟಿಸುತ್ತದೆ, ಉಳಿದ ಶಕ್ತಿ ಮೂರು ಕಣಗಳಿಗೆ ಯಾದೃಚ್ಛಿಕವಾಗಿ ಹಂಚಿಹೋಗುತ್ತದೆ ಎಂದು ಬರೆದಿದ್ದೇನೆ. ಫೋಟಾನೊಂದಕ್ಕೆ ಸರಾಸರಿ 2,400 ಜೋಡಿಗಳು ಬರುತ್ತಿವೆ. ಪ್ರಯೋಗದಲ್ಲಿ ಸಿಗುವುದು ಸುಮಾರು 1,600. ಎರಡು ವಾರಗಳಿಂದ ಹುಡುಕುತ್ತಿದ್ದೇನೆ, ತಪ್ಪು ಎಲ್ಲಿದೆಯೆಂದು ತಿಳಿಯುತ್ತಿಲ್ಲ.

ಉತ್ತರ: ಸುರತ್ಕಲ್‌ನ ನಿವೃತ್ತ ಅಧ್ಯಾಪಕ

ನಿಮ್ಮ ಪ್ರೋಗ್ರಾಂ ಕೆಟ್ಟಿಲ್ಲ, ಅದರಲ್ಲಿ ಫೋನಾನ್‌ಗಳಿಲ್ಲ (ಸ್ಫಟಿಕದ ಪರಮಾಣು ಜಾಲಕದ ಕಂಪನದ ಶಕ್ತಿಕಣಗಳು), ಅಷ್ಟೇ. ಸಿಲಿಕಾನ್‌ನಲ್ಲಿ ಒಂದು ಜೋಡಿಗೆ ಸರಾಸರಿ 3.65 ಇ.ವಿ. ಖರ್ಚಾಗುತ್ತದೆ, ಅಂದರೆ ಬ್ಯಾಂಡ್ ಗ್ಯಾಪ್‌ನ ಮೂರು ಪಟ್ಟಿಗೂ ಹೆಚ್ಚು. ಶಕ್ತಿ 1.12 ಇ.ವಿ.ಯನ್ನು ಸ್ವಲ್ಪವೇ ಮೀರಿದ ಎಲೆಕ್ಟ್ರಾನಿಗೆ ಅಯಾನೀಕರಣದ ದರ ಬಹಳ ಕಡಿಮೆಯಿರುವುದರಿಂದ, ಜೋಡಿ ಹುಟ್ಟಿಸುವ ಅವಕಾಶ ಒದಗುವ ಮುನ್ನವೇ ಅದು ತಲಾ 0.063 ಇ.ವಿ.ಯ ಫೋನಾನ್‌ಗಳನ್ನು ಒಂದರ ಹಿಂದೊಂದು ಜಾಲಕಕ್ಕೆ ಬಿಟ್ಟುಕೊಟ್ಟು ಹೊಸ್ತಿಲಿನ ಕೆಳಗೆ ಇಳಿದುಬಿಡುತ್ತದೆ. ಸಂವೇಗವೂ ಉಳಿಯಬೇಕಾದ್ದರಿಂದ ನಿಜವಾದ ಹೊಸ್ತಿಲು ಗ್ಯಾಪ್‌ಗಿಂತ ಮೇಲೆಯೇ ಇರುತ್ತದೆ. ಜೋಡಿಯ ವೆಚ್ಚವನ್ನು ಭೌತವಿಜ್ಞಾನಿ ಕ್ಲೈನ್ 1968ರಲ್ಲಿ ಗ್ಯಾಪ್‌ನ 2.8 ಪಟ್ಟು ಮತ್ತು ಫೋನಾನ್‌ಗಳ ಪಾಲಾಗಿ 0.5ರಿಂದ 1 ಇ.ವಿ. ಎಂದು ಸೂಚಿಸಿದ್ದರು. 1.12ನ್ನು ಹಾಕಿ ನೋಡಿದರೆ 3.14ರ ಮೇಲೆ ಸುಮಾರು ಅರ್ಧ ಇ.ವಿ. ಸೇರಿ ಅಳತೆಯ ಹತ್ತಿರವೇ ಬರುತ್ತದೆ.

ಮೊದಲು ಒಂದೇ ಫೋಟಾನಿನ ಜಮಾ-ಖರ್ಚನ್ನು ಕಾಗದದ ಮೇಲೆ ಬರೆಯಿರಿ. ಪರಮಾಣುವಿನ ಅತಿ ಒಳಗಿನ ಕೆ-ಕವಚದ ಬಂಧನಶಕ್ತಿ 1,839 ಇ.ವಿ.; ಹಾಗಾಗಿ ಅಲ್ಲಿಂದ ಫೋಟಾನ್ ಹೊರದೂಡುವ ಫೋಟೋ ಎಲೆಕ್ಟ್ರಾನಿಗೆ ಸುಮಾರು 4,060 ಸಿಗುತ್ತದೆ. ಬರಿದಾದ ಜಾಗ ತುಂಬುವಾಗ ಸುಮಾರು ನೂರರಲ್ಲಿ 95 ಬಾರಿ 1,600 ಇ.ವಿ. ಆಸುಪಾಸಿನ ಓಜೆ ಎಲೆಕ್ಟ್ರಾನ್ (ಆಗ ಬಿಡುಗಡೆಯಾಗುವ ಶಕ್ತಿಯನ್ನು ಪಡೆದ ಇನ್ನೊಂದು ಎಲೆಕ್ಟ್ರಾನ್) ಹೊರಬೀಳುತ್ತದೆ. ಅದರ ಹೊರಗಿನ ಎಲ್-ಕವಚದಲ್ಲಿ ಉಳಿಯುವ ಎರಡು ರಂಧ್ರಗಳೂ ತಲಾ ಸುಮಾರು 100 ಇ.ವಿ. ಹೊತ್ತಿರುತ್ತವೆ, ಅನೇಕರು ಕೈಬಿಡುವುದು ಇದನ್ನೇ. ಕೊನೆಯಲ್ಲಿ ಜೋಡಿಗಳ ಗ್ಯಾಪ್ ಶಕ್ತಿ, ಉಳಿದ ಚಲನಶಕ್ತಿ, ಫೋನಾನ್‌ಗಳಿಗೆ ಹೋದದ್ದು, ಇವೆಲ್ಲ ಕೂಡಿ 5,900 ಬರಲೇಬೇಕು.

ಉತ್ತರ: ಮಣಿಪಾಲದಿಂದ

ಗುರುಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸರಾಸರಿ ಹೊಂದಿದ ಮಾತ್ರಕ್ಕೆ ನಿಲ್ಲಬೇಡಿ, ಹರವನ್ನೂ (ಸರಾಸರಿಯ ಸುತ್ತ ಸಂಖ್ಯೆ ಎಷ್ಟು ಏರಿಳಿಯುತ್ತದೆ ಎಂಬುದನ್ನೂ) ನೋಡಿ. ಜೋಡಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟುತ್ತಿದ್ದರೆ 1,600ರ ವರ್ಗಮೂಲದಷ್ಟು, ಅಂದರೆ 40ರ ಹರವು ಇರಬೇಕಿತ್ತು. ಅಳತೆಯಲ್ಲಿ ಕಾಣುವುದು 14ರ ಆಸುಪಾಸು. ಭೌತವಿಜ್ಞಾನಿ ಫಾನೊ 1947ರಲ್ಲಿ ವಿವರಿಸಿದ್ದು ಇದನ್ನೇ: ಒಟ್ಟು ಶಕ್ತಿ ನಿಗದಿಯಾಗಿರುವುದರಿಂದ ಸಂಖ್ಯೆ ಸ್ವೇಚ್ಛೆಯಾಗಿ ಏರಿಳಿಯಲಾರದು. ಹರವನ್ನು ನೀವಾಗಿ ತುಂಬಬೇಡಿ, ಸರಪಳಿಯಿಂದ ತಾನಾಗಿಯೇ ಬರಬೇಕು. ಕಣಗಳ ಚಲನೆಯನ್ನು ಅನುಕರಿಸುವ ತಂತ್ರಾಂಶವಾದ ಜಿಯಾಂಟ್4ರ ಫಲಿತಾಂಶದೊಂದಿಗೆ ಹೋಲಿಸುವುದಾದರೆ, ಅದರ ಪೂರ್ವನಿಯೋಜಿತ 0.7 ಮಿ.ಮೀ. ಮಿತಿಯಲ್ಲಿ, ಅಷ್ಟು ದೂರ ಸಾಗಲಾರದ ಇಷ್ಟು ಕಡಿಮೆ ಶಕ್ತಿಯ ದ್ವಿತೀಯಕ ಎಲೆಕ್ಟ್ರಾನ್‌ಗಳು ಬೇರೆಯಾಗಿ ಹುಟ್ಟುವುದೇ ಇಲ್ಲ, ಅವುಗಳ ಶಕ್ತಿ ಇದ್ದಲ್ಲೇ ಜಮೆಯಾಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಜಮಾ-ಖರ್ಚು ಬರೆದು ನೋಡಿದಾಗ ಎಲ್-ಕವಚದ ರಂಧ್ರಗಳನ್ನು ನಾನೂ ಬಿಟ್ಟಿದ್ದೆನೆಂದು ಗೊತ್ತಾಯಿತು. ಅವುಗಳನ್ನೂ ಫೋನಾನ್‌ಗಳನ್ನೂ ಸೇರಿಸಿದ ಮೇಲೆ ನಿನ್ನೆ ರಾತ್ರಿ, ಮಳೆಗೆ ಎರಡು ಬಾರಿ ಕರೆಂಟ್ ಹೋಗಿ ಬಂದ ನಂತರ, ಸರಾಸರಿ 1,650 ಮತ್ತು ಹರವು 16 ಬಂದಿವೆ. ಇನ್ನು ವಜ್ರಕ್ಕೂ ಇದೇ ಪ್ರೋಗ್ರಾಂ ಓಡಿಸುತ್ತೇನೆ. ಅಲ್ಲಿ ಗ್ಯಾಪ್ 5.47, ಜೋಡಿಯ ವೆಚ್ಚ ಸುಮಾರು 13 ಇ.ವಿ.