ಸಹಾಯ ಬೇಕು: ಕಾರ್ಡ್ ಸಾಲ ತೀರಿಸುತ್ತಲೇ ಆಪತ್ತಿಗೆಂದು ಹಣ ಕೂಡಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಎರಡು ಕ್ರೆಡಿಟ್ ಕಾರ್ಡ್‌ಗಳ ಬಾಕಿ ಸೇರಿ ಸುಮಾರು ನಾಲ್ಕು ತಿಂಗಳ ಸಂಬಳದಷ್ಟಿದೆ. ಒಂದಕ್ಕೆ ತಿಂಗಳಿಗೆ ಶೇ. 3.5, ಇನ್ನೊಂದಕ್ಕೆ ಶೇ. 2.5 ಬಡ್ಡಿ, ಚಕ್ರಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೂ ಮೊದಲನೆಯದು ವರ್ಷಕ್ಕೆ ಶೇ. 42 ಆಗುತ್ತದೆ. ಉಳಿತಾಯ ಖಾತೆಯಲ್ಲಿಟ್ಟ ಹಣ ಇದರ ಹತ್ತನೇ ಒಂದು ಪಾಲನ್ನೂ ಗಳಿಸದಿರುವುದರಿಂದ, ಕೈಗೆ ಬಂದ ಪ್ರತಿ ಕಾಸನ್ನೂ ಸಾಲಕ್ಕೇ ಕಟ್ಟುವುದು ಜಾಣತನವೆಂದು ನಂಬಿ ಎಂಟು ತಿಂಗಳು ಹಾಗೆಯೇ ನಡೆದುಕೊಂಡೆ.

ಆದರೆ ಕಳೆದ ತಿಂಗಳು ಹಲ್ಲುನೋವು ಬಂದು ರೂಟ್ ಕೆನಾಲ್ ಮಾಡಿಸಬೇಕಾಯಿತು. ಖಾತೆಯಲ್ಲಿ ಬಿಡಿಗಾಸೂ ಇಲ್ಲದೆ ಅದೇ ಕಾರ್ಡನ್ನು ಉಜ್ಜಿದ್ದರಿಂದ, ಮೂರು ತಿಂಗಳು ಕಷ್ಟಪಟ್ಟು ಇಳಿಸಿದ್ದ ಬಾಕಿ ಒಂದೇ ಮಧ್ಯಾಹ್ನದಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಏರಿತು. ಹಿಂದಿನ ಬಾಕಿ ಉಳಿಸಿಕೊಂಡಿದ್ದರೆ ಹೊಸ ಖರ್ಚಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲವೆಂಬುದು ಬಿಲ್ಲು ಬಂದ ಮೇಲಷ್ಟೇ ನನಗೆ ತಿಳಿಯಿತು.

ಹಾಗಾಗಿ ಎರಡೂ ಕಾರ್ಡ್‌ಗಳಿಗೆ ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುತ್ತಾ, ಮೊದಲು ಒಂದು ತಿಂಗಳ ಅಗತ್ಯ ಖರ್ಚಿನಷ್ಟು ಹಣವನ್ನು ಬೇರೆ ಖಾತೆಯಲ್ಲಿ ಕೂಡಿಟ್ಟು, ನಂತರ ಉಳಿದದ್ದನ್ನೆಲ್ಲ ಹೆಚ್ಚು ಬಡ್ಡಿಯ ಕಾರ್ಡಿಗೆ ಹಾಕಬೇಕೆಂದಿದ್ದೇನೆ. ಸಣ್ಣ ಬಾಕಿಯನ್ನು ಮೊದಲು ತೀರಿಸಿದರೆ ಹುರುಪು ಬರುತ್ತದೆ ಎನ್ನುವವರಿದ್ದಾರೆ. ನನಗಂತೂ ಹುರುಪಿಗಿಂತ ಬಡ್ಡಿಯದೇ ಚಿಂತೆ. ಸಂಪಾದನೆ ನನ್ನೊಬ್ಬಳದೇ ಆಗಿರುವಾಗ ಒಂದು ತಿಂಗಳ ಖರ್ಚು ಸಾಕಾಗುತ್ತದೆಯೇ? ಕಡಿಮೆ ಬಡ್ಡಿಯ ವೈಯಕ್ತಿಕ ಸಾಲ ಪಡೆದು ಎರಡೂ ಕಾರ್ಡ್‌ಗಳನ್ನು ಚುಕ್ತಾ ಮಾಡಿದವರು ಇಲ್ಲಿದ್ದರೆ, ಸಂಸ್ಕರಣಾ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿದಾಗ ಅದು ನಿಜಕ್ಕೂ ಲಾಭವಾಯಿತೇ ಎಂದು ದಯವಿಟ್ಟು ತಿಳಿಸಿ.